ಟೈಪಿಂಗ್ ಮೇಡಂ ಕನಕಪುರದಿಂದ ತಂದ ಸ್ಕ್ರೂಡ್ರೈವರು

ಹೋದ ಭಾನುವಾರ ಚನ್ನಪಟ್ಟಣದಲ್ಲಿ ನಮ್ಮ ಟೈಪಿಂಗ್ ಮೇಡಂಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಬೀಳ್ಕೊಡುಗೆ ಮಾಡಿದೆವು. ಇನ್‌ಸ್ಟಿಟ್ಯೂಟ್ ಮುಚ್ಚಿ ಅವರು ಮೈಸೂರಿನಲ್ಲಿ ತಂಗಿಯ ಮನೆ ಹತ್ತಿರ ಬಾಡಿಗೆಗೆ ಹೋಗುತ್ತಿದ್ದಾರೆ. "ಭಾಷಣ ಶುರು ಮಾಡಿದ್ರೆ ಎದ್ದೋಯ್ತೀನಿ" ಎಂದು ಮೊದಲೇ ಬೆದರಿಸಿದ್ದರೂ ನಮ್ಮ ಜನ ಕೇಳಬೇಕಲ್ಲ, ಮೈಕು ತಂದೇ ತಂದರು. ಅದು ಸುತ್ತಿ ಸುತ್ತಿ ನನ್ನ ಕೈಗೆ ಬಂತು. "ಮೇಡಂ..." ಎಂದವಳೇ ಗೊಳೋ ಎಂದು ಅತ್ತುಬಿಟ್ಟೆ. ಅವರು ಮೈಕು ಕಿತ್ತುಕೊಂಡು, "ಇವಳ ಬಾಯಿಗಿಂತ ಬೆರಳೇ ವಾಸಿ. ಮನೆಗೋಗಿ ಬರೀಲಿ ಬುಡಿ" ಎಂದರು. ಎಲ್ಲರೂ ನಕ್ಕರು, ನಾನೂ ಮೂಗು ಒರೆಸಿಕೊಂಡು ನಕ್ಕೆ. ಅವರು ಹೇಳಿದ ಮೇಲೆ ಮುಗಿಯಿತು, ಬರೆಯಲು ಕೂತಿದ್ದೇನೆ.

ಎತ್ತರದ ಹೆಂಗಸು. ಗಂಜಿ ಹಾಕಿದ ಕಾಟನ್ ಸೀರೆ, ಗಟ್ಟಿ ತುರುಬು, ತುರುಬಿನಲ್ಲಿ ಅಡ್ಡಲಾಗಿ ಸಿಕ್ಕಿಸಿದ ಒಂದು ಸ್ಕ್ರೂಡ್ರೈವರು. ಹೊಸದಾಗಿ ಸೇರಿದವರು ಅದನ್ನು ಹೇರ್‌ಪಿನ್ ಎಂದುಕೊಳ್ಳುತ್ತಿದ್ದರು. ಧ್ವನಿ ಮಾತ್ರ ಮೂರು ಬೀದಿಗೆ ಕೇಳುವಂಥದ್ದು. ಇನ್‌ಸ್ಟಿಟ್ಯೂಟ್ ಇದ್ದದ್ದು ಅವರ ಮನೆಯ ಮುಂದಿನ ಕೋಣೆಯಲ್ಲೇ. ಒಳಗೆ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಲೇ ಹೊರಗೆ ಯಾವ ಬೆರಳು ಸೋಮಾರಿಯಾಗಿದೆ ಎಂದು ಕಿವಿಯಲ್ಲೇ ಪತ್ತೆ ಮಾಡುತ್ತಿದ್ದರು. "ಏಯ್, ಕಿಟಕಿ ಪಕ್ಕದೋಳೇ! ಎಡಗೈ ಕಿರುಬೆರಳು ತವರಿಗೋಗೈತಾ?" ಎಂದು ಅಲ್ಲಿಂದಲೇ ಕೂಗು. ಕಿಟಕಿ ಪಕ್ಕದವಳು ನಾನೇ.

ನಾನು ಅಲ್ಲಿಗೆ ಹೋದದ್ದು ಟೈಪಿಂಗ್ ಮೇಲಿನ ಪ್ರೀತಿಗಲ್ಲ. ರಾಮನಗರದಲ್ಲಿ ಸರ್ಕಾರಿ ಕೆಲಸದಲ್ಲಿದ್ದ ನನ್ನ ಯಜಮಾನರು ಹೃದಯಾಘಾತದಲ್ಲಿ ಹೋಗಿಬಿಟ್ಟರು. ಅನುಕಂಪದ ಮೇಲೆ ಅವರ ಆಫೀಸಿನಲ್ಲೇ ನನಗೆ ಬೆರಳಚ್ಚುಗಾರ್ತಿಯ ಕೆಲಸ ಕೊಟ್ಟರು. ಆದರೆ ಗಡುವಿನೊಳಗೆ ಕನ್ನಡ ಟೈಪಿಂಗ್ ಪರೀಕ್ಷೆ ಪಾಸು ಮಾಡದಿದ್ದರೆ ಕೆಲಸ ಖಾಯಂ ಆಗುವುದಿಲ್ಲ ಎಂಬ ಷರತ್ತಿತ್ತು. ಒಂದು ಸಲ ಕೂತು ಫೇಲಾಗಿದ್ದೆ. ಗಡುವಿನೊಳಗೆ ಉಳಿದಿದ್ದದ್ದು ಇನ್ನೊಂದೇ ಪರೀಕ್ಷೆ. ಚನ್ನಪಟ್ಟಣದ ಮನೆಯಲ್ಲಿ ನಾನು, ನಮ್ಮತ್ತೆ ಇಬ್ಬರೇ. ಈ ಕೆಲಸ ಹೋದರೆ ಮುಂದೇನು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಆಫೀಸಿನಲ್ಲಿ ಎಲ್ಲೆಲ್ಲೂ ಕಂಪ್ಯೂಟರು, ಪರೀಕ್ಷೆ ಮಾತ್ರ ಆಗಿನ್ನೂ ಹಳೆಯ ಟೈಪ್‌ರೈಟರಿನ ಮೇಲೆ. ಯಾರಿಗೆ ಹೇಳೋಣ ನಮ್ಮ ಹಣೆಬರಹ! ಮೇಡಂ ಹತ್ತಿರ ಇಂಗ್ಲಿಷಿನವು ಬೇಕಾದಷ್ಟಿದ್ದವು, ಕನ್ನಡದ ಮೆಷಿನ್ನು ಎರಡೇ. ಎರಡೂ ಮುದುಕಿಯರು. ಅವುಗಳ ಪುಟ್ಟ ಪುಟ್ಟ ಸ್ಕ್ರೂಗಳ ತಲೆಯನ್ನು ಹಿಂದಿನ ಮೆಕ್ಯಾನಿಕ್ಕುಗಳು ಮೊಂಡು ಸ್ಕ್ರೂಡ್ರೈವರು ಹಾಕಿ ಹಾಕಿ ಸವೆಸಿಬಿಟ್ಟಿದ್ದರು. ಇನ್ನೊಂದು ಸಲ ಜಾರಿದರೆ ಆ ಸ್ಕ್ರೂ ಜನ್ಮದಲ್ಲಿ ಬಿಚ್ಚುವುದಿಲ್ಲ, ಬಿಡಿಭಾಗ ಎಲ್ಲೂ ಸಿಗುವುದಿಲ್ಲ. "ತುದಿ ಸ್ಕ್ರೂ ತಲೆ ಗೀರಲ್ಲಿ ಕೂತ್ರೆ ಅಲ್ಲಾಡಬಾರ್ದು ಕಣೆ. ಒಳ್ಳೇ ಸ್ಕ್ರೂಡ್ರೈವರು ಅಂದ್ರೆ ಒಳ್ಳೇ ಬೀಗರಿದ್ದಂಗೆ. ಸಿಗೋದೇ ಕಷ್ಟ, ಸಿಕ್ಕಿದ್ರೆ ಬುಡಬಾರ್ದು" ಎನ್ನುತ್ತಿದ್ದರು. ಅವರದ್ದೇ ಹಳೆಯ ಸೆಟ್ಟು ಸವೆದು ಸವೆದು ತುರುಬಿನಲ್ಲಿದ್ದ ಆ ಒಂದು ಮಾತ್ರ ಉಳಿದಿತ್ತು, ಅದೂ ಒಸಿ ದಪ್ಪ.

ಹೀಗೆ ಶುರುವಾಯಿತು ನಮ್ಮ ಭಾನುವಾರದ ತಿರುಗಾಟ. ನಾನೇಕೆ ಹಿಂದೆ ಹೋಗುತ್ತಿದ್ದೆ ಎಂದರೆ, ಬಸ್ಸಿನಲ್ಲಿ ಕೂತಾಗ ಅವರು ಉಕ್ತಲೇಖನ ಹೇಳುತ್ತಿದ್ದರು, ನಾನು ತೊಡೆಯ ಮೇಲೆ ಬೆರಳಾಡಿಸಬೇಕಿತ್ತು. ಪಕ್ಕದ ಸೀಟಿನವರು ನನ್ನನ್ನು ನೋಡಿ ಏನೋ ಮೈಮೇಲೆ ಬಂದಿದೆ ಎಂದು ಅತ್ತ ಸರಿದು ಕೂರುತ್ತಿದ್ದರು.

ರಾಮನಗರದಲ್ಲಿ ರೇಷ್ಮೆಗೂಡಿನ ಮಾರ್ಕೆಟ್ ಕಡೆಯ ಒಂದು ಹಾರ್ಡ್‌ವೇರ್ ಅಂಗಡಿ. ಅಂಗಡಿಯವರು, "ಬನ್ನಿ ಮೇಡಂ, ಫಾರಿನ್ ಮಾಲು ಐತೆ" ಎಂದು ಹೊಳೆಯುವ ಪ್ಲಾಸ್ಟಿಕ್ ಡಬ್ಬಿ ತೆಗೆದಿಟ್ಟರು.

"ನಿಮ್ ಕನ್ನಡಕ ಒಸಿ ಕೊಡಿ" ಎಂದರು ಮೇಡಂ.

"ಯಾಕ್ ಮೇಡಂ?"

"ಕೊಡಿ ಅಂದ್ರೆ ಕೊಡಿ. ತಿಂದ್ಬುಡಲ್ಲ."

ಪಾಪ, ಕೊಟ್ಟರು. ಮೇಡಂ ಆ ಹೊಸ ಸ್ಕ್ರೂಡ್ರೈವರನ್ನು ಕನ್ನಡಕದ ಕಾಲಿನ ಸ್ಕ್ರೂಗೆ ಹಾಕಿ ತಿರುಗಿಸಿದರು. ಸ್ಕ್ರೂ ಅರ್ಧ ಬಂತು, ಸ್ಕ್ರೂಡ್ರೈವರಿನ ತುದಿ ಪೂರ್ತಿ ತಿರುಚಿಕೊಂಡಿತು. "ನೋಡಿ, ನಿಮ್ ಫಾರಿನ್ನು" ಎಂದು ಹಿಡಿದು ತೋರಿಸಿದರು. ಆ ಮನುಷ್ಯ ಕಣ್ಣು ಕಿರಿದು ಮಾಡಿಕೊಂಡು, "ಎಲ್ಲಿ ಮೇಡಂ, ಏನೂ ಕಾಣ್ತಿಲ್ವಲ್ಲ" ಎಂದರು. ಕನ್ನಡಕ ಇವರ ಕೈಯಲ್ಲಿದ್ದರೆ ಅವರಿಗೆ ಹೇಗೆ ಕಾಣಬೇಕು? ಆಮೇಲೆ ತುರುಬಿನಿಂದ ತಮ್ಮದನ್ನು ತೆಗೆದು, ಅದರ ಮೂಲೆಯನ್ನು ಗೀರಿಗೆ ಒತ್ತಿ ಹಿಡಿದು, ಹೇಗೋ ಬಿಗಿ ಮಾಡಿ ಕನ್ನಡಕ ವಾಪಸ್ಸು ಕೊಟ್ಟು ಬಂದರು.

ಮಾಗಡಿಯಲ್ಲಿ ಇನ್ನೊಂದು ಥರ. ತುದಿ ಬಾಗಿದ್ದಕ್ಕೆ ಅಂಗಡಿಯವನು, "ನೀವು ಜೋರಾಗಿ ತಿರುಗ್ಸಿದ್ರಿ ಕಣಕ್ಕ" ಎಂದು ಇವರ ಮೇಲೇ ತಪ್ಪು ಹೊರಿಸಿದ. "ಸ್ಕ್ರೂಡ್ರೈವರು ತಿರುಗಿಸ್ದೆ ಇನ್ನೇನು ಆರತಿ ಎತ್ತಬೇಕಿತ್ತೇನಪ್ಪ?" ಎಂದರು ಮೇಡಂ. ಸುತ್ತ ನಿಂತಿದ್ದ ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಆನ್‌ಲೈನಿನಲ್ಲಿ ನಾನೇ ಒಂದು ಸೆಟ್ಟು ತರಿಸಿಕೊಟ್ಟೆ. ಒಂದೇ ದಿನಕ್ಕೆ ಅದರ ತುದಿಗಳು ಚೂರಾದವು. "ಡಬ್ಬಿ ಲಕ್ಷಣವಾಗೈತೆ ಕಣೆ, ಅರಿಶಿನ ಕುಂಕುಮ ಹಾಕ್ಕೋ" ಎಂದು ಹಿಂದಿರುಗಿಸಿದರು. ಈಗಲೂ ನಮ್ಮ ದೇವರ ಗೂಡಿನಲ್ಲಿ ಕುಂಕುಮ ಇರುವುದು ಅದರಲ್ಲೇ.

ಕೊನೆಗೆ ಒಬ್ಬಳು ಹಳೆಯ ವಿದ್ಯಾರ್ಥಿನಿ ಕನಕಪುರದ ವಾಚ್ ರಿಪೇರಿ ಯಜಮಾನರೊಬ್ಬರ ಸುದ್ದಿ ತಂದಳು. ವಯಸ್ಸಾಗಿ ಕೆಲಸ ನಿಲ್ಲಿಸಿದ್ದರು, ಮನೆಗೇ ಹೊಂದಿಕೊಂಡ ಪುಟ್ಟ ಅಂಗಡಿ. ಹೋದೆವು. ಅವರು ಒಂದು ಮರದ ಡಬ್ಬಿ ತೆರೆದು ತೋರಿಸಿದರು. ಹಿತ್ತಾಳೆ ಹಿಡಿಯ ಸಣ್ಣ ಸ್ಕ್ರೂಡ್ರೈವರುಗಳು, ಒಂದಕ್ಕಿಂತ ಒಂದು ಸಣ್ಣವು, ತುದಿಗಳು ಈಗಷ್ಟೇ ಮಸೆದ ಹಾಗೆ ಚೊಕ್ಕವಾಗಿದ್ದವು. ಮೇಡಂ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಎಷ್ಟಾದ್ರೂ ಆಗ್ಲಿ, ಕೊಡಿ" ಎಂದರು.

"ಅನ್ನ ಕೊಟ್ಟ ಆಯುಧ ತಾಯಿ. ಮಾರಬಾರ್ದು" ಎಂದು ಯಜಮಾನರು ಡಬ್ಬಿ ಮುಚ್ಚಿಬಿಟ್ಟರು.

ವಾಪಸ್ಸು ಬರುವಾಗ ಉಕ್ತಲೇಖನ ಹೇಳಲಿಲ್ಲ. ರಾಮನಗರ ದಾಟಿದ ಮೇಲೆ ಇದ್ದಕ್ಕಿದ್ದಂತೆ ಮೇಡಂ ನನ್ನ ತೊಡೆಗೆ ಪಟ್ಟನೆ ಹೊಡೆದು, "ಮಾರಲ್ಲ ಅಂದ್ರು. ಕೊಡಲ್ಲ ಅನ್ನಲಿಲ್ವಲ್ಲ!" ಎಂದರು. ನಾನು ಆ ಏಟಿಗೆ ಹೌಹಾರಿ ಎದ್ದೇ ಬಿಟ್ಟಿದ್ದೆ.

ಮುಂದಿನ ಭಾನುವಾರ ಮೇಡಂ ರೇಷ್ಮೆ ಸೀರೆ ಉಟ್ಟು ನಮ್ಮ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಹೂವು, ಕಾಯಿ. "ನಿಮ್ಮತ್ತೇನೂ ಕರಿ, ಹಿರೀರೊಬ್ರು ಬೇಕು" ಎಂದರು. ನಮ್ಮತ್ತೆ ದೊಡ್ಡಮಳೂರಿನ ಹೆಣ್ಣು. ಯಾರದಾದರೂ ಮನೆಗೆ ಹೆಣ್ಣು ಕೇಳಲು ಹೋಗುವುದೆಂದರೆ ಅವರಿಗೆ ಹಬ್ಬ. ಯಾವ ಹೆಣ್ಣು ಏನು ಎಂದು ಕೇಳುವ ಮೊದಲೇ ಸೀರೆ ಬದಲಾಯಿಸಿ ಚಪ್ಪಲಿ ಮೆಟ್ಟಿದ್ದರು. ವಿಷಯ ಹೇಳಿದ್ದು ಬಸ್ಸಿನಲ್ಲಿ. ಅತ್ತೆ ಒಂದು ಗಳಿಗೆ ಯೋಚಿಸಿ, "ಆಗ್ಲಿ ಬುಡು, ಕಬ್ಬುಣಾದ್ರೂ ಒಬ್ರ ಮನೇಲಿ ಸಾಕಿದ್ದಲ್ವಾ" ಎಂದರು.

ಕನಕಪುರದ ಯಜಮಾನರು ನಮ್ಮ ಮೂವರನ್ನು, ನಮ್ಮ ತಟ್ಟೆಯನ್ನು ನೋಡಿ ಬೆಪ್ಪಾದರು.

"ಹೆಣ್ಣು ಕೇಳಕ್ಕೆ ಬಂದಿದೀವಿ ಸ್ವಾಮಿ" ಎಂದರು ಮೇಡಂ.

"ನನಗೆ ಹೆಣ್ಮಕ್ಕಳಿಲ್ವಲ್ಲ ತಾಯಿ. ಇಬ್ರೂ ಗಂಡೈಕಳು."

"ಇದಾರಲ್ಲ, ಆ ಮರದ ಡಬ್ಬೀಲಿ!"

ಒಳಗಿನಿಂದ ಯಜಮಾನರ ಹೆಂಡತಿ ಕಿಲಕಿಲ ನಕ್ಕದ್ದು ಕೇಳಿಸಿತು. ಯಜಮಾನರು ನಗಲಿಲ್ಲ. ನಮ್ಮತ್ತೆ ಮುಂದೆ ಬಂದು, "ನಾಕು ಜನ ಕೆಲ್ಸ ಕಲಿಯೋ ಮನೆ ಕಣಣ್ಣ. ಡಬ್ಬೀಲಿ ಮಡಗಿ ತುಕ್ಕಿಡಿಸಿದ್ರೆ ನಿಮಗೇನ್ ಬಂತು? ಹೆಣ್ಣು ಎಷ್ಟ್ ಚೆಂದಾಗಿದ್ರೂ ಒಂದಿನ ಕಳಿಸ್ಲೇಬೇಕಲ್ವಾ?" ಎಂದರು. ಅತ್ತೆಯ ಬಾಯಲ್ಲಿ ಇಷ್ಟು ಮಾತಿದೆ ಎಂದು ನನಗೂ ಗೊತ್ತಿರಲಿಲ್ಲ.

ಯಜಮಾನರು ಯೋಚಿಸಿದರು. ಆಮೇಲೆ ಒಂದು ಹಳೆಯ ವಾಚು ತಂದು ಮೇಡಂ ಮುಂದಿಟ್ಟು, "ಇದರೊಳಗಿನ ಒಂದು ಸ್ಕ್ರೂ ಬಿಚ್ಚಿ. ನಿಮ್ ಕೈ ನೋಡಬೇಕು" ಎಂದರು. ಮೇಡಂ ಎದ್ದು ಕೈ ತೊಳೆದು ಬಂದರು, ಸೆರಗು ಸಿಕ್ಕಿಸಿದರು. ಡಬ್ಬಿಯಿಂದ ಒಂದನ್ನು ತೆಗೆದು ಗೀರಿಗೆ ಹಿಡಿದು ನೋಡಿ ವಾಪಸ್ಸಿಟ್ಟರು, ಇನ್ನೊಂದು ತೆಗೆದರು. ತೋರುಬೆರಳು ಮೇಲೆ, ಹೆಬ್ಬೆರಳು ಮತ್ತು ನಡುಬೆರಳು ಪಕ್ಕಕ್ಕೆ. ಅಕ್ಕಿಯ ನುಚ್ಚಿನಷ್ಟಿದ್ದ ಸ್ಕ್ರೂ ಕಾಗದದ ಮೇಲೆ ಬಂದು ಕೂತಿತು. ಯಜಮಾನರು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಆ ಸ್ಕ್ರೂ ತಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಒಂದು ಗೀಚೂ ಇಲ್ಲ" ಎಂದರು. ಆಮೇಲೆ ಒಳಗೆ ತಿರುಗಿ, "ಏನೇ, ಕುಂಕುಮ ತತ್ತಾ!" ಎಂದು ಕೂಗಿದರು.

ಡಬ್ಬಿಗೆ ಕುಂಕುಮ ಇಟ್ಟು, ಹೂವು ಮುಡಿಸಿ, ಗಂಡ ಹೆಂಡತಿ ಇಬ್ಬರೂ ಹಿಡಿದು ಕೊಟ್ಟರು. ಒಂದೇ ಷರತ್ತು: ಪ್ರತಿ ಆಯುಧಪೂಜೆಗೆ ತವರಿಗೆ ಕರೆತರಬೇಕು, ತುದಿಗಳನ್ನು ಯಜಮಾನರೇ ನೋಡಿ ಮಸೆದು ಕಳಿಸುತ್ತಾರೆ. ಮೇಡಂ ಅದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಆವತ್ತಿನಿಂದ ಅವರು ಇವರಿಗೆ "ಕನಕಪುರದ ಬೀಗರು". ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡ ಮೇಡಂ ದಾರಿಯುದ್ದಕ್ಕೂ ಮುಖ ಅರಳಿಸಿಕೊಂಡೇ ಇದ್ದರು. ಸುದ್ದಿ ಹಬ್ಬಿ ಸುತ್ತಮುತ್ತಲ ಇನ್‌ಸ್ಟಿಟ್ಯೂಟಿನವರೆಲ್ಲ "ಸ್ಕ್ರೂಡ್ರೈವರ್ ಮದುವೆ ಆಯ್ತಂತೆ" ಎಂದು ಆಡಿಕೊಂಡು ನಕ್ಕರು. ಇವರು ಕ್ಯಾರೇ ಅನ್ನಲಿಲ್ಲ.

ಇನ್ನು ನನ್ನ ಪರೀಕ್ಷೆಯ ದಿನಕ್ಕೆ ಬರುತ್ತೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ಟೈಪಿಂಗ್ ಪರೀಕ್ಷೆಗೆ ಮೆಷಿನ್ನನ್ನು ನಾವೇ ಹೊತ್ತುಕೊಂಡು ಹೋಗಬೇಕಿತ್ತು. ಕೇಂದ್ರ ರಾಮನಗರದಲ್ಲಿ. ಬೆಳಿಗ್ಗೆ ಆಟೋ ನಮ್ಮ ಬೀದಿಯಿಂದ ಹೊರಡುತ್ತಿದ್ದರಿಂದ ಹಿಂದಿನ ಸಂಜೆಯೇ ಮೇಡಂ ಮೆಷಿನ್ನನ್ನು ನಮ್ಮ ಮನೆಯಲ್ಲಿಳಿಸಿ, "ಹಸುಗೂಸು ಇದ್ದಂಗೆ, ಜ್ವಾಪಾನ" ಎಂದು ಹೇಳಿ ಹೋಗಿದ್ದರು. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಅದನ್ನು ಮಣೆಯ ಮೇಲೆ ಕೂರಿಸಿ, ಸುತ್ತ ರಂಗೋಲಿ ಹಾಕಿ, ಕುಂಕುಮವಿಟ್ಟು, ಸೇವಂತಿಗೆ ಏರಿಸಿ ಮಂಗಳಾರತಿ ಮಾಡುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು. ಕೈ ಮುಗಿದೆ, ಕುಂಕುಮ ಒರೆಸಿದೆ, ಆಟೋ ಹತ್ತಿದೆ.

ಕೇಂದ್ರದ ವರಾಂಡದಲ್ಲಿ ಮೇಡಂ ಕಾಯುತ್ತಿದ್ದರು. ಹಾಳೆ ಏರಿಸಿ 'ಕ' ಹೊಡೆದೆ. ಮೇಲೆ ಹೋದ ಅಕ್ಷರದ ಕಡ್ಡಿ ಕೆಳಗೆ ಬರಲಿಲ್ಲ. 'ತ' ಹೊಡೆದೆ, ಅದೂ ಹೋಗಿ 'ಕ'ನ ಪಕ್ಕದಲ್ಲೇ ಅಂಟಿಕೊಂಡು ನಿಂತಿತು. ಮೇಡಂ ಬಗ್ಗಿ ಮೂಗು ಹತ್ತಿರ ತಂದರು.

"ಕಾಯಿ ನೀರು!" ಎಂದರು. "ಮನೇಲೇನ್ ಮಾಡಿದ್ರಿ?"

ಫೋನು ಮಾಡಿದೆ. ಅತ್ತೆ ಖುಷಿಯಿಂದಲೇ, "ಹೂಂ ಕಣವ್ವ, ಗಾಡಿ ಪೂಜೇಲಿ ಚಕ್ರಕ್ಕೆ ಬುಡಲ್ವಾ ಕಾಯಿನೀರ? ಹಂಗೇಯ ಮಿಷನ್ಗೂ ಒಸಿ ಬುಟ್ಟೆ. ಚೆಂದಾಗಿ ಓಡ್ತೈತಾ?" ಎಂದರು. ನಾನು "ಓಡ್ತೈತೆ ಅತ್ತೆ" ಎಂದು ಫೋನಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇನ್ನೊಂದು ಕನ್ನಡದ ಮೆಷಿನ್ನು ಅದೇ ಪಾಳಿಯಲ್ಲಿ ಬೇರೊಬ್ಬಳ ಮುಂದಿತ್ತು. ಗಂಟೆ ಹೊಡೆದರೆ ಮುಗಿಯಿತು, ನನ್ನ ಕೆಲಸ, ನನ್ನ ಮನೆ ಎಲ್ಲ ಮುಗಿಯಿತು ಎನ್ನಿಸಿತು.

ರಾಮನಗರದ ಇನ್ನೊಂದು ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಹತ್ತಿರ ಬಂದರು. ಸ್ಕ್ರೂಡ್ರೈವರ್ ಮದುವೆಯ ವಿಷಯಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದವರು ಇವರೇ. "ಆ ರಿಬ್ಬನ್ ತಗಡು ಬಿಚ್ಚದೆ ಒಳಗೆ ತೊಳೆಯಕ್ಕಾಗಲ್ಲ. ಅದರ ಸ್ಕ್ರೂ ಪೂರ್ತಿ ಸವೆದೋಗೈತೆ ಮೇಡಂ, ಬರಲ್ಲ. ಮುಂದಿನ ಸಲ ನೋಡ್ಕಳಿ" ಎಂದರು.

"ಮುಂದಿನ ಸಲ ಇವಳಿಗಿಲ್ಲ" ಎಂದರು ಮೇಡಂ, ಸೆರಗು ಸಿಕ್ಕಿಸುತ್ತಾ.

ಚೀಲದಿಂದ ಕನಕಪುರದ ಡಬ್ಬಿ ತೆಗೆದು ತೆರೆದರು. ಒಂದು ತೆಗೆದು ಹಿಡಿದು ನೋಡಿ ಇಟ್ಟರು, ಇನ್ನೊಂದು ತೆಗೆದರು. ಸವೆದ ಗೀರಿನಲ್ಲಿ ಉಳಿದಿದ್ದ ಕೂದಲೆಳೆಯಷ್ಟು ಅಂಚಿಗೆ ತುದಿ ಹೋಗಿ ಕೂತಿತು. ಮೇಡಂ ಒಂದು ಸಲ ಅಲ್ಲಾಡಿಸಿ ನೋಡಿದರು, ಅಲ್ಲಾಡಲಿಲ್ಲ. ತೋರುಬೆರಳಿನಿಂದ ಒತ್ತಿ ಹಿಡಿದು ತಿರುಗಿಸಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ತಿರುಗಿಸಿದರು. 'ಟಕ್' ಎಂದು ಸ್ಕ್ರೂ ಸಡಿಲಾಯಿತು.

"ಬಂತು!" ಎಂದು ಕೂಗಿದ್ದು ನಾನಲ್ಲ, ಆ ಮೇಷ್ಟ್ರು.

ಇನ್ನೊಂದು ಸ್ಕ್ರೂವೂ ಬಂತು. ತಗಡು ಎತ್ತಿ, ಬ್ರಶ್ಶಿಗೆ ಸ್ಪಿರಿಟ್ ಅದ್ದಿ ಕಡ್ಡಿ ಕಡ್ಡಿಗೂ ಉಜ್ಜಿದರು. ಕೆಂಪು ನೀರು ಇಳಿಯಿತು, ಒಂದು ಸೇವಂತಿಗೆ ಎಸಳೂ ಬಂತು. ತಗಡು ಕೂರಿಸಿ ಸ್ಕ್ರೂ ಬಿಗಿ ಮಾಡಿ, "ಹೊಡಿ" ಎಂದರು. ಹೊಡೆದೆ. 'ಕ' ಹೋಯಿತು, ಬಂತು. 'ತ' ಹೋಯಿತು, ಬಂತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮೇಡಂ ನನ್ನ ಬೆನ್ನಿಗೆ ಒಂದು ಗುದ್ದಿ, "ಕಿರುಬೆರಳು!" ಎಂದಷ್ಟೇ ಅಂದು ಒಳಗೆ ನೂಕಿದರು.

ಆ ಹೊತ್ತು ಟೈಪು ಮಾಡಿದ ಹಾಗೆ ನಾನು ಜೀವಮಾನದಲ್ಲಿ ಮಾಡಿಲ್ಲ. ಹೊರಗೆ ಬಂದರೆ ಆ ಮೇಷ್ಟ್ರು ಮೇಡಂ ಮುಂದೆ ಕೈ ಹೊಸಕುತ್ತಾ ನಿಂತಿದ್ದರು. ಎರಡನೇ ಪಾಳಿಯ ಅವರ ಹುಡುಗಿಯೊಬ್ಬಳ ಮೆಷಿನ್ನು ಕೈ ಕೊಟ್ಟಿತ್ತು. "ಆ ಡಬ್ಬಿ ಒಂದ್ಗಳಿಗೆ ಕೊಡ್ತೀರಾ ಮೇಡಂ?" ಎಂದು ಕೇಳಿದರು.

"ನಮ್ಮನೆ ಸೊಸೇರ್ನ ಕೈಸಾಲ ಕೊಡಕ್ಕಾಯ್ತದಾ ಮೇಷ್ಟ್ರೇ?" ಎಂದ ಮೇಡಂ, ಅವರ ಮುಖ ಬಾಡುವ ಮೊದಲೇ ಎದ್ದು, "ನಡೀರಿ, ನಾನೇ ಬತ್ತೀನಿ" ಎಂದು ಹೋಗಿ ಅದನ್ನೂ ಸರಿ ಮಾಡಿದರು. ಆಮೇಲೆ ಇಡೀ ವರಾಂಡ ಅವರದ್ದೇ. ಯಾರ್ಯಾರೋ ಮೆಷಿನ್ನು ಹೊತ್ತು ತಂದು ಮುಂದಿಡುತ್ತಿದ್ದರು, ಇವರು ಎಲ್ಲರನ್ನೂ ಬೈಯುತ್ತಾ ಬೈಯುತ್ತಾ ರಿಪೇರಿ ಮಾಡುತ್ತಿದ್ದರು. ನೋಡಲು ಎರಡು ಕಣ್ಣು ಸಾಲದು!

ಸಂಜೆ ಮೇಡಂ ನಮ್ಮ ಮನೆಗೆ ಬಂದರು. ವಿಷಯ ತಿಳಿದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಾ ಮೂಲೆಯಲ್ಲಿ ಕೂತಿದ್ದರು. "ನಾನೇ ನನ್ ಸೊಸೆ ಅನ್ನಕ್ಕೆ ಮಣ್ಣಾಕ್ಬುಟ್ಟಿದ್ನಲ್ಲವ್ವಾ" ಎನ್ನುತ್ತಿದ್ದರು. ಬೈಗುಳ ಬೀಳುತ್ತದೆಂದು ನಾನು ಹೆದರಿದ್ದೆ. ಮೇಡಂ ಅವರ ಪಕ್ಕ ನೆಲದ ಮೇಲೆ ಕೂತು, "ಕನಕಪುರದಲ್ಲಿ ಬಾಯಿ ಬುಟ್ಟು ಕೇಳಿ ಆಯುಧ ಕೊಡಿಸಿದ್ದು ಯಾರು? ನೀವೇ ಅಲ್ವಾ? ಮತ್ತ್ಯಾಕ್ ಅಳ್ತೀರಿ, ಕಾಫಿ ಕಾಸಿ" ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ಕಾಯಿ ಮಾತ್ರ ಇನ್ಮೇಲೆ ಹೊಸಲತ್ರ ಒಡೀರಿ" ಎಂದು ಸೇರಿಸಿದರು. ಅತ್ತೆ ಅಳುವಿನ ನಡುವೆಯೇ ನಕ್ಕರು.

ಫಲಿತಾಂಶ ಬಂತು. ಪಾಸಾಗಿದ್ದೆ, ಅದೂ ಫಸ್ಟ್ ಕ್ಲಾಸು. ಓಡಿ ಹೋಗಿ ಹೇಳಿದರೆ ಮೇಡಂ ಬೀದಿಗೇ ಇಳಿದು, ಎದುರಿನ ಗೊಂಬೆ ಅಂಗಡಿ, ಪಕ್ಕದ ಬೇಕರಿ, ಕೊನೆಯ ಟೈಲರ್ ಅಂಗಡಿಯವರೆಗೆ, "ನಮ್ಮುಡುಗಿ ಪಾಸು ಕಣ್ರೋ!" ಎಂದು ಸಾರಿಕೊಂಡು ಬಂದರು. ನಲವತ್ತರ ಹತ್ತಿರದ ಹುಡುಗಿ ನಾನು ನಾಚಿಕೆಯಿಂದ ಬಾಗಿಲ ಹಿಂದೆ ನಿಂತಿದ್ದೆ.

ಕೆಲವು ವಾರಗಳ ಮೇಲೆ ನನ್ನ ಸೇವೆ ಖಾಯಂ ಮಾಡುವ ಆದೇಶಕ್ಕೆ ಸಾಹೇಬರು ಒಪ್ಪಿಗೆ ಕೊಟ್ಟರು. ಕರಡು ಟೈಪಿಗೆ ಬಂತು. ಆಫೀಸಿನಲ್ಲಿ ಕನ್ನಡ ಟೈಪು ಮಾಡುವವಳು ನಾನೊಬ್ಬಳೇ. ಹಾಗಾಗಿ ನನ್ನ ಆದೇಶವನ್ನು ನಾನೇ ಟೈಪು ಮಾಡಿದೆ. ನನ್ನ ಹೆಸರು, ಅದರ ಕೆಳಗೆ ನಮ್ಮ ಯಜಮಾನರ ಹೆಸರು, ಆಮೇಲೆ 'ಖಾಯಂಗೊಳಿಸಲಾಗಿದೆ'. ಸಹಿಯಾದ ಪ್ರತಿಯನ್ನು ಹಿಡಿದುಕೊಂಡು ಸಂಜೆ ಮೇಡಂ ಹತ್ತಿರ ಹೋದೆ. ಅವರು ಕೆಂಪು ಪೆನ್ನು ತೆಗೆದುಕೊಂಡು, ತಪ್ಪು ಹುಡುಕಲು ಮೊದಲಿನಿಂದ ಕೊನೆಯವರೆಗೆ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಪೆನ್ನಿನ ಮುಚ್ಚಳ ಹಾಕಿದರು.

"ಏನೂ ಸಿಗಲಿಲ್ಲ ಕಣೆ" ಎಂದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.